ಹೀರೆಬಳ್ಳಿ ಬಿದ್ದ ರಾತ್ರಿ

ನಮ್ಮದು ರಾಯಚೂರು, ಹಾಗಾಗಿ ಬಿಸಿಲಿನ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಮಲಗುವ ಕೋಣೆಯ ಗೋಡೆ ಪಶ್ಚಿಮಕ್ಕಿದೆ. ಪಕ್ಕದಲ್ಲಿ ಖಾಲಿ ಸೈಟು, ನೆರಳಿಗೆ ಒಂದು ಮರವೂ ಇಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯ ನೆತ್ತಿಯ ಮೇಲಿರುವುದರಿಂದ ಆ ಗೋಡೆಗೇನೂ ಆಗುವುದಿಲ್ಲ. ಮೂರು ದಾಟಿತೋ, ಮುಳುಗುವವರೆಗೂ ಬಿಸಿಲು ನೇರ ಅದರ ಮೇಲೇ. ಕುಡಿದ ಬಿಸಿಯನ್ನೆಲ್ಲ ಅದು ರಾತ್ರಿ ನಮಗೆ ವಾಪಸ್ ಕೊಡುತ್ತದೆ. ಹತ್ತು ಗಂಟೆಗೆ ನಿದ್ದೆಗಣ್ಣಲ್ಲಿ ಬೆನ್ನು ತಾಗಿದರೆ ಎದ್ದು ಕೂರಬೇಕು.

ಬಳ್ಳಿ ಹಬ್ಬಿಸೋಣ ಅಂತ ಹೊಳೆದದ್ದು ಒಂದು ಮಾರ್ಚ್‌ನಲ್ಲಿ, ಅಂದರೆ ಬಿಸಿಲು ಶುರುವಾದ ಮೇಲೆ. ಹೀರೆ ಬೀಜ ಹಾಕಿದೆ, ಬೈಂಡಿಂಗ್ ವೈರ್ ಕಟ್ಟಿದೆ. ವೈರ್ ಕಾದು ಎಳೆ ಕುಡಿಗಳೆಲ್ಲ ಕರಕಲಾದವು. ಆಮೇಲೆ ಸುತಲಿ ಕಟ್ಟಿ, ಬಳ್ಳಿ ಗೋಡೆ ಮುಚ್ಚುವ ಹೊತ್ತಿಗೆ ಜೂನ್ ಮಳೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. "ಬಿಸಲ ಹೋದ ಮ್ಯಾಲ ನೆಳ್ಳು ಮಾಡ್ಯಾನ ನೋಡ್ರಿ ನನ್ನ ಮಗ" ಅಂತ ಅವ್ವ ಬಂದವರಿಗೆಲ್ಲ ತೋರಿಸಿ ನಗುತ್ತಿದ್ದಳು.

ಮರುವರ್ಷ ಸಂಕ್ರಾಂತಿ ಮುಗಿದ ವಾರವೇ ಬೀಜ ನೆನೆಸಿ, ಗೋಡೆಯಿಂದ ಎರಡಡಿ ಬಿಟ್ಟು ಸಾಲಾಗಿ ಊರಿದೆ. ಮಧ್ಯೆ ಜಾಗ ಇದ್ದರೆ ಗಾಳಿ ಆಡುತ್ತದೆ, ಬಿಸಿ ಮೇಲಕ್ಕೆ ಹೋಗುತ್ತದೆ. ಮಾಳಿಗೆಯ ಪ್ಯಾರಾಪೆಟ್‌ನಿಂದ ಸುತಲಿ ಇಳಿಬಿಟ್ಟೆ. ನೀರು ದಿನ ಬಿಟ್ಟು ದಿನ ಬರುವ ಮನೆಯಲ್ಲಿ ಬಳ್ಳಿಗೆ ದಿನಾ ನಾಲ್ಕು ಕೊಡ ಹುಯ್ಯುವುದು ಸಣ್ಣ ಮಾತಲ್ಲ. ಅಕ್ಕಿ ತೊಳೆದ ನೀರು, ಸೊಪ್ಪು ತೊಳೆದ ನೀರು ಎಲ್ಲ ಅಲ್ಲಿಗೇ. ಯುಗಾದಿಗೆ ಕಿಟಕಿ ಮುಟ್ಟಿತು, ಏಪ್ರಿಲ್ ಮಧ್ಯಕ್ಕೆ ಗೋಡೆಯೇ ಕಾಣದು. ಶೇಡ್ ನೆಟ್ ಕಟ್ಟಬಹುದಿತ್ತಲ್ವಾ ಅಂತ ಕೇಳಿದವರಿದ್ದಾರೆ. ಆದರೆ ನೆಟ್ ತಾನೇ ಕಾಯುತ್ತದೆ. ಎಲೆ ಹಾಗಲ್ಲ, ಬೇರಿಂದ ಎಳೆದ ನೀರನ್ನು ಆವಿ ಮಾಡಿ ಬಿಡುತ್ತಾ ತಾನೂ ತಣ್ಣಗಿರುತ್ತದೆ. ಮೂರೂವರೆಗೆ ಬೇಕಾದರೆ ಮುಟ್ಟಿ ನೋಡಿ.

ಹೀರೆ ಹೂವು ಅರಳುವುದು ಸಂಜೆ. ಐದೂವರೆ, ಆರರ ಹೊತ್ತಿಗೆ ಕಿಟಕಿಯಲ್ಲಿ ಕೂತರೆ, ಸುರುಟಿಕೊಂಡಿದ್ದ ಹಳದಿ ಎಸಳು ನೋಡ್ತಾ ನೋಡ್ತಾ ಬಿಚ್ಚಿಕೊಳ್ಳುತ್ತದೆ, ಕತ್ತಲಾದ ಮೇಲೆ ಪತಂಗಗಳು ಬರುತ್ತವೆ. ಪಕ್ಕದ ಮನೆಯವರಿಗೆ ಮಾತ್ರ ಹಾವಿನ ಚಿಂತೆ. ನಮಗೆ ಕಂಡದ್ದು ಒಂದು ಓತಿಕ್ಯಾತ, ಅಷ್ಟೇ.

ಏಪ್ರಿಲ್ ಕೊನೆಗೆ ಒಂದು ರಾತ್ರಿ ಧೂಳು ಎಬ್ಬಿಸಿಕೊಂಡು ಗಾಳಿ ಬಂತು. ಮಳೆ ನಾಲ್ಕು ಹನಿ, ಗಾಳಿ ಮಾತ್ರ ಬಾಗಿಲು ಕಿತ್ತುಹೋಗುವಷ್ಟು. ಪ್ಯಾರಾಪೆಟ್ ಅಂಚಿಗೆ ತಿಕ್ಕಿ ತಿಕ್ಕಿ ಸವೆದಿದ್ದ ಸುತಲಿ ಒಂದು ಕಡೆಯಿಂದ ಪಟಪಟ ಹರಿಯಿತು. ಕಾಯಿ ಸಮೇತ ಇಡೀ ಬಳ್ಳಿ ಒದ್ದೆ ಕಂಬಳಿಯ ಹಾಗೆ ದಪ್ಪನೆ ಕೆಳಗೆ. ಬೆಳಿಗ್ಗೆ ಎತ್ತಿ ಕಟ್ಟಲು ನೋಡಿದೆವು. ಬುಡದಲ್ಲೇ ಮುರಿದದ್ದು ಜಾಸ್ತಿ, ಮಧ್ಯಾಹ್ನಕ್ಕೆ ಬಾಡಿದವು.

ಆ ಸಂಜೆ ಒಳಗಿನಿಂದ ಗೋಡೆಗೆ ಕೈ ಇಟ್ಟೆ. ಹಿಂದಿನ ದಿನ ಸುಮ್ನೆ ಬೆಚ್ಚಗಿದ್ದದ್ದು ಈಗ ದೋಸೆ ಹೆಂಚು. ನಿಜ ಹೇಳಬೇಕೆಂದರೆ ಅಲ್ಲಿವರೆಗೆ ನನಗೇ ಅನುಮಾನವಿತ್ತು, ಕೋಣೆ ತಂಪಾಗಿದೆ ಅನ್ನುವುದು ನಾಲ್ಕು ಕೊಡ ನೀರು ಹೊತ್ತವನ ಸಮಾಧಾನ ಇರಬಹುದು ಅಂತ. ಆ ರಾತ್ರಿ ಹಾಸಿಗೆ ಸುತ್ತಿಕೊಂಡು ಎಲ್ಲರೂ ಮಾಳಿಗೆ ಹತ್ತಿದೆವು. ಮರುದಿನ ಅವ್ವ ತನ್ನ ಮೂರು ಹಳೆ ಸೀರೆ ತಂದುಕೊಟ್ಟಳು. ಪ್ಯಾರಾಪೆಟ್‌ನಿಂದ ಇಳಿಬಿಟ್ಟೆ, ಮೇ ಪೂರ್ತಿ ನಮ್ಮ ಗೋಡೆ ಸೀರೆ ಉಟ್ಟುಕೊಂಡಿತ್ತು.

ಇನ್ನೊಂದು ಗೊತ್ತಾಗಿದ್ದೂ ಆಗಲೇ. ಮೇ ತಿಂಗಳಲ್ಲಿ ಸೂರ್ಯ ಉತ್ತರಕ್ಕೆ ವಾಲಿ ಮುಳುಗುತ್ತಾನೆ, ಸಂಜೆ ಬಿಸಿಲು ಮೂಲೆ ಸುತ್ತಿ ಅಡುಗೆಮನೆ ಕಿಟಕಿಗೂ ಬರುತ್ತದೆ. ಅಲ್ಲಿಗೂ ನಾಲ್ಕು ಗಿಡ ಬೇಕು.

ಈ ಸಲ ನೈಲಾನ್ ಹಗ್ಗ ತಂದಿದ್ದೇನೆ. ಪ್ಯಾರಾಪೆಟ್ ಅಂಚಿಗೆ ಹಳೆ ಸೈಕಲ್ ಟ್ಯೂಬ್ ಸೀಳಿ ಹಾಸಿದ್ದೇನೆ. ಲೋಟದಲ್ಲಿ ಬೀಜ ನೆನೆಯುತ್ತಿದೆ. ಅವ್ವ ಬಗ್ಗಿ ನೋಡಿ, "ಬರೇ ಹೀರಿನ? ತುಪ್ಪದ ಹೀರಿ ಹಾಕಂಗಿಲ್ಲೇನು?" ಅಂದಳು.