ಹಾಡುಗಾರನ ಹೆಸರು ಬರೆಯದೆ ಬಿಟ್ಟ ದಿನ

ನಾನು ಸಿನಿಮಾ ಚಿತ್ರೀಕರಣದ ಸ್ಥಳದಲ್ಲಿ ಧ್ವನಿ ಮುದ್ರಿಸುವ ಕೆಲಸ ಮಾಡುತ್ತೇನೆ. ನಟರ ಮಾತು, ಉಸಿರು, ಹೆಜ್ಜೆಯ ಸದ್ದು, ಹಿಂದೆಲ್ಲೋ ಕೂಗುವ ಕೋಳಿ, ಇವೆಲ್ಲವನ್ನೂ ಕ್ಯಾಮೆರಾ ಓಡುತ್ತಿರುವಾಗಲೇ ಹಿಡಿಯುವುದು ನನ್ನ ಹೊಣೆ. ನಮ್ಮಲ್ಲಿ ಇದಕ್ಕೆ ಸಿಂಕ್ ಸೌಂಡ್ ಎನ್ನುತ್ತಾರೆ. ಮಾತನ್ನು ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಸೇರಿಸಿಕೊಳ್ಳುವ ಪದ್ಧತಿಯೇ ಬಹುಕಾಲ ನಡೆದುಬಂದಿರುವ ನಮ್ಮ ಚಿತ್ರರಂಗದಲ್ಲಿ ಈ ಕೆಲಸಕ್ಕೆ ದೊರೆಯುವ ಸಮಯ ಕಡಿಮೆ, ತಾಳ್ಮೆ ಅದಕ್ಕಿಂತ ಕಡಿಮೆ. ಕೆಲವು ವರ್ಷಗಳ ಹಿಂದೆ, ಬದುಕು ಕಷ್ಟದಲ್ಲಿದ್ದ ಒಬ್ಬ ನೀಲಗಾರ ಹಾಡುಗಾರನ ಕತೆಯುಳ್ಳ ಸಣ್ಣ ಬಜೆಟ್ಟಿನ ಸಿನಿಮಾವೊಂದರಲ್ಲಿ ಕೆಲಸ ಮಾಡುವಾಗ ನಾನು ಮಾಡಿದ ತಪ್ಪೊಂದನ್ನು ಇಲ್ಲಿ ಬರೆಯುತ್ತಿದ್ದೇನೆ.

ನೀಲಗಾರರ ಹಾಡಿಕೆಯನ್ನು ಕೇಳದವರಿಗೆ ಒಂದೆರಡು ಮಾತು ಹೇಳಬೇಕು. ಮೈಸೂರು, ಮಂಡ್ಯ, ಚಾಮರಾಜನಗರ ಜಿಲ್ಲೆಗಳಲ್ಲಿ ಸಂತ ಮಂಟೇಸ್ವಾಮಿಯ ಕತೆ ಹೇಳುವ ಮಂಟೇಸ್ವಾಮಿ ಕಾವ್ಯವನ್ನು ಹಾಡುವವರು ಇವರು. ದೀಕ್ಷೆ ಪಡೆದ ಮೇಲೆ ಹಾಡುವುದು ಇವರಿಗೆ ಕಸುಬಿಗಿಂತ ಹೆಚ್ಚಾಗಿ ಮಂಟೇಸ್ವಾಮಿಯ ಒಕ್ಕಲಾದವರ ಕರ್ತವ್ಯ. ಮುಂದೆ ಕುಳಿತು ಕತೆ ನಡೆಸುವವನ ಕೈಯಲ್ಲಿ ತಂಬೂರಿ, ಹಿಮ್ಮೇಳದವರ ಕೈಯಲ್ಲಿ ಡಗ್ಗವೆಂಬ ಚರ್ಮವಾದ್ಯ, ತಾಳ, ಗಗ್ಗರ. ಕತೆ ಇಡೀ ರಾತ್ರಿ ನಡೆಯುತ್ತದೆ. ಮಂಟೇಸ್ವಾಮಿಯ ಶಿಶುಮಗ, ಎಂದರೆ ಶಿಷ್ಯ, ಸಿದ್ದಪ್ಪಾಜಿ ಹಲಗೂರಿನ ಕಮ್ಮಾರರಾದ ಪಾಂಚಾಳರ ಬಳಿ ಕಬ್ಬಿಣದ ಭಿಕ್ಷೆಗೆ ಹೋಗುವ ಭಾಗವನ್ನು ಕೇಳಿದವರು ಮರೆಯುವುದಿಲ್ಲ. ಅದೇ ಸಿದ್ದಪ್ಪಾಜಿಯ ಗದ್ದುಗೆಯಿರುವ ಚಿಕ್ಕಲ್ಲೂರಿನಲ್ಲಿ ಜನವರಿಯ ಹುಣ್ಣಿಮೆಯ ಹೊತ್ತಿಗೆ ಜಾತ್ರೆ ಕೂಡುತ್ತದೆ. ನಮ್ಮ ಸಿನಿಮಾದ ಮುಖ್ಯ ದೃಶ್ಯಕ್ಕೆ ಬೇಕಾಗಿದ್ದದ್ದು ಈ ಕಬ್ಬಿಣದ ಭಿಕ್ಷೆಯ ಹಾಡೇ.

ತಂಬೂರಿ ಹಿಡಿದು ಕೂರುವ ನಾಯಕ ನಗರದಿಂದ ಬಂದ ನಟ. ಆತನ ತುಟಿಗೆ ಹೊಂದಿಸಲು ಅಕ್ಕಪಕ್ಕದ ಊರಿನಿಂದ ಹಿರಿಯ ನೀಲಗಾರರೊಬ್ಬರನ್ನೂ ಅವರ ಇಬ್ಬರು ಜೊತೆಗಾರರನ್ನೂ ಕರೆಸಿದ್ದರು. ಮಧ್ಯಾಹ್ನ ಅವರ ಹಾಡನ್ನು ನಾನು ಮುದ್ರಿಸಿಕೊಳ್ಳಬೇಕು, ರಾತ್ರಿ ಅದನ್ನು ಸ್ಪೀಕರಿನಲ್ಲಿ ಹಾಕಿದಾಗ ನಟ ತುಟಿ ಆಡಿಸಬೇಕು, ಇದು ಅಂದಿನ ಯೋಜನೆ. ಬೆಳಿಗ್ಗೆ ಏಳಕ್ಕೆ ಬಂದ ಆ ಮೂವರು ಸಂಜೆ ನಾಲ್ಕರವರೆಗೂ ಬೇವಿನ ಮರದ ಕೆಳಗೆ ಕುಳಿತಿದ್ದರು. ಊಟದ ಹೊತ್ತಿನಲ್ಲಿ ಅವರನ್ನು ಯಾವ ಸಾಲಿಗೆ ಕರೆಯಬೇಕೆಂಬುದೇ ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊನೆಗೆ ಊಟ ಬಂದಾಗ ಮೂರು ಗಂಟೆ. ಹಾಡುಗಾರನೊಬ್ಬನನ್ನು ಊರು ಹೇಗೆ ಮರೆಯಿತು ಎಂಬುದನ್ನು ಚಿತ್ರಿಸಲು ಬಂದಿದ್ದ ನಾವು, ಎದುರಿಗೇ ಕುಳಿತಿದ್ದ ಹಾಡುಗಾರನನ್ನು ಎಂಟು ಗಂಟೆ ಕಾಲ ಮರೆತಿದ್ದೆವು. ಇದನ್ನು ಆ ದಿನ ನಾನೂ ಗಮನಿಸಲಿಲ್ಲ. ಜನರೇಟರನ್ನು ಇನ್ನಷ್ಟು ದೂರಕ್ಕೆ ಸರಿಸಬೇಕೆಂಬ ವಾದದಲ್ಲಿ ನಾನು ಮುಳುಗಿದ್ದೆ.

ಗುಡಿಯ ಜಗುಲಿಯಲ್ಲಿ ಮೈಕು ನಿಲ್ಲಿಸಿ ಕುಳಿತೆವು. ಕಬ್ಬಿಣ ಬೇಡುವ ಭಾಗದ ನಲವತ್ತು ಸೆಕೆಂಡು ಮಾತ್ರ ಸಾಕು, ಅಲ್ಲಿಂದಲೇ ಶುರು ಮಾಡಿ ಎಂದು ಸಹಾಯಕ ನಿರ್ದೇಶಕರು ಹೇಳಿದರು. ಹಿರಿಯರು ತಂಬೂರಿಯನ್ನು ಕೆಳಗಿಟ್ಟು, "ಗುರುವ ನೆನೀದೆ ಕತೆ ಎತ್ತಂಗಿಲ್ಲ ಸ್ವಾಮಿ" ಎಂದರು. ಅದನ್ನು ಹಟವೆಂದೂ ಮೂಢನಂಬಿಕೆಯೆಂದೂ ತಿಳಿದವರು ನಮ್ಮಲ್ಲಿದ್ದರು. ಧ್ವನಿಯ ಕೆಲಸ ಮಾಡುವವನಾಗಿ ನನಗೆ ಮಾತ್ರ ಅದರಲ್ಲಿ ಬೇರೊಂದು ಕಾರಣವೂ ಕಂಡಿತು. ನೀಲಗಾರನ ಶ್ರುತಿ ಹಾರ್ಮೋನಿಯಮ್ಮಿನ ಮನೆಗೆ ಹೊಂದಿಸಿದ್ದಲ್ಲ. ಆ ಹೊತ್ತಿಗೆ ಅವನ ಗಂಟಲು ಎಲ್ಲಿದೆಯೋ ತಂಬೂರಿಯ ತಂತಿ ಅಲ್ಲಿಗೆ ಬರುತ್ತದೆ. ಗುರುಸ್ತುತಿಯ ನಿಧಾನಗತಿಯಲ್ಲಿ ಗಂಟಲು ಬಿಸಿಯಾಗುತ್ತದೆ, ತಂತಿ ನೆಲೆಗೊಳ್ಳುತ್ತದೆ, ಹಿಮ್ಮೇಳದವರ ಉಸಿರು ಮುಂದಿನವನ ಉಸಿರಿಗೆ ಸೇರುತ್ತದೆ. ಅದನ್ನು ತೆಗೆದುಹಾಕಿ ನಡುವಿನಿಂದ ಹಾಡು ಎಂದರೆ, ಒಲೆ ಹಚ್ಚದೆ ಅನ್ನ ಬಡಿಸು ಎಂದಂತೆ.

ನಾನು ರೆಕಾರ್ಡರನ್ನು ಚಾಲೂ ಮಾಡಿ, ನಿಲ್ಲಿಸದೆ ಹಾಡಿ ಎಂದು ಕೇಳಿಕೊಂಡೆ. ಇಪ್ಪತ್ತೆರಡು ನಿಮಿಷ ಹಾಡಿದರು. ಸುಮಾರು ಹದಿನೈದನೆಯ ನಿಮಿಷದಿಂದಾಚೆಗೆ ಅವರ ದನಿ ಬದಲಾಯಿತು. ಅದುವರೆಗೆ ಎದೆಯಲ್ಲಿದ್ದ ದನಿ ಹಣೆಗೇರಿದಂತೆ, ಹಿಮ್ಮೇಳದವರು ಸೊಲ್ಲನ್ನು ಎತ್ತಿಕೊಳ್ಳುವ ಮೊದಲೇ ಅದು ಅವರಿಗೆ ಕೈ ಚಾಚಿದಂತೆ ಇತ್ತು. ಸಿನಿಮಾದಲ್ಲಿ ಕೊನೆಗೆ ಉಳಿದ ಒಂದು ನಿಮಿಷ ಐವತ್ತು ಸೆಕೆಂಡು ಆ ಭಾಗದ್ದು. ಮತ್ತೊಮ್ಮೆ ಹಾಡಿಸಿ ಎರಡನ್ನೂ ಜೋಡಿಸೋಣವೆಂದು ಯಾರೋ ಹೇಳಿದರು. ಎರಡನೆಯ ಸಲ ತಂತಿ ತುಸು ಇಳಿದಿತ್ತು, ಡಗ್ಗದ ಚರ್ಮ ಸಂಜೆಯ ತಂಪಿಗೆ ಸಡಿಲವಾಗಿತ್ತು. ಎರಡು ತುಂಡುಗಳು ಒಂದಕ್ಕೊಂದು ಸೇರುವ ಮಾತೇ ಇರಲಿಲ್ಲ. ಕೆಲಸದ ಈ ಭಾಗವನ್ನು ನಾನು ಸರಿಯಾಗಿ ಮಾಡಿದೆನೆಂದು ಇಂದಿಗೂ ನಂಬಿದ್ದೇನೆ.

ತಪ್ಪು ನಡೆದದ್ದು ಅದಕ್ಕೂ ಮೊದಲು, ರೆಕಾರ್ಡರಿನ ಗುಂಡಿ ಒತ್ತುವ ಮುನ್ನ. ನಾವು ಮುದ್ರಿಸುವ ಪ್ರತಿ ಕಡತದ ಜೊತೆಗೆ ದೃಶ್ಯದ ಸಂಖ್ಯೆ, ಟೇಕಿನ ಸಂಖ್ಯೆ, ಪ್ರತಿ ಟ್ರ್ಯಾಕಿನ, ಎಂದರೆ ಒಂದೊಂದು ಮೈಕಿನ ಧ್ವನಿ ಬೇರೆಯಾಗಿ ಕೂರುವ ಸಾಲಿನ ಹೆಸರು, ಒಂದು ಟಿಪ್ಪಣಿ ಇವಿಷ್ಟೂ ಅಕ್ಷರರೂಪದಲ್ಲಿ ಸೇರಿಕೊಂಡಿರುತ್ತವೆ. ಕಡತ ಎಡಿಟಿಂಗ್ ಕೋಣೆಗೆ ಹೋದರೂ, ಅಲ್ಲಿಂದ ಎಲ್ಲ ಧ್ವನಿಗಳನ್ನೂ ಹದವಾಗಿ ಬೆರೆಸುವ ಮಿಕ್ಸಿಂಗ್ ಥಿಯೇಟರಿಗೆ ಹೋದರೂ ಆ ಅಕ್ಷರಗಳು ಅದರೊಂದಿಗೇ ಸಾಗುತ್ತವೆ. ನಾನು ಅಲ್ಲಿ ಬರೆದದ್ದು "ಜಾನಪದ ವೈಲ್ಡ್ 1". ಕ್ಯಾಮೆರಾ ಓಡದೆ ಬೇರೆಯಾಗಿ ಮುದ್ರಿಸಿದ ಧ್ವನಿಗೆ ನಮ್ಮಲ್ಲಿ ವೈಲ್ಡ್ ಎನ್ನುತ್ತಾರೆ. ಕೈಬರಹದ ಸೌಂಡ್ ರಿಪೋರ್ಟಿನಲ್ಲಿ "ಹಾಡು, ಹಿರಿಯರು" ಎಂದು ಬರೆದೆ. ನಟನ ಟ್ರ್ಯಾಕಿಗೆ ನಟನ ಹೆಸರನ್ನು ಬರೆಯಲು ನಾನು ಎಂದೂ ಮರೆತವನಲ್ಲ.

ಐದು ತಿಂಗಳ ನಂತರ ಬೆಂಗಳೂರಿನಲ್ಲಿ ಮಿಕ್ಸಿಂಗ್ ನಡೆಯುವಾಗ, ಆ ದನಿ ಕೇಳಿದ ಮಿಕ್ಸಿಂಗ್ ಎಂಜಿನಿಯರು ಕನ್ಸೋಲ್ ನಿಲ್ಲಿಸಿ, ಹಾಡಿದವರು ಯಾರು ಎಂದು ಕೇಳಿದರು. ಕೋಣೆಯಲ್ಲಿದ್ದ ಆರು ಮಂದಿಯಲ್ಲಿ ಯಾರಿಗೂ ಹೆಸರು ಗೊತ್ತಿರಲಿಲ್ಲ. ಅವರನ್ನು ಕರೆತಂದಿದ್ದ ಸಹಾಯಕ ಬೇರೆ ಸಿನಿಮಾಕ್ಕೆ ಹೋಗಿದ್ದ. ಲೆಕ್ಕದ ವೋಚರಿನಲ್ಲಿ ಜೂನಿಯರ್ ಆರ್ಟಿಸ್ಟ್, ಮೂವರು, ಒಂದು ದಿನ ಎಂದಿತ್ತು, ಕೆಳಗೆ ಹೆಬ್ಬೆಟ್ಟು. ಊರಿನ ಟೀ ಅಂಗಡಿಯ ನಂಬರು ಹುಡುಕಿ, ಅಲ್ಲಿಂದ ಅವರ ಮನೆಯವರೆಗೆ ಮಾತು ತಲುಪಿ, ನನಗೆ ಹೆಸರು ಸಿಗುವಷ್ಟರಲ್ಲಿ ಎರಡು ವಾರ ಕಳೆದಿತ್ತು. ಕೆಲಸ ಮಾಡಿದವರ ಹೆಸರುಗಳಿರುವ ಶೀರ್ಷಿಕೆಗಳು ಸೆನ್ಸಾರಿಗೆ ಹೋಗಿಯಾಗಿತ್ತು. ತೆರೆಯ ಮೇಲೆ ಬಂದದ್ದು "ಜಾನಪದ ಕಲಾವಿದರು" ಎಂಬ ಎರಡೇ ಪದ.

ಅದರಿಂದೇನು, ಜಾನಪದಕ್ಕೆ ಕರ್ತೃವೇ ಇಲ್ಲವಲ್ಲ ಎಂದು ನನಗೆ ಸಮಾಧಾನ ಹೇಳಿದವರಿದ್ದಾರೆ. ಕಾವ್ಯಕ್ಕೆ ಕರ್ತೃ ಇಲ್ಲದಿರಬಹುದು, ಆ ಸಂಜೆಯ ಹಾಡಿಕೆಗೆ ಕರ್ತೃ ಇದ್ದಾನೆ. ಕಾನೂನೂ ಹೀಗೆಯೇ ಹೇಳುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಾಡುವವನಿಗೆ, ನುಡಿಸುವವನಿಗೆ ಪ್ರದರ್ಶಕನ ಹಕ್ಕು ಎಂಬುದಿದೆ. 2012ರ ತಿದ್ದುಪಡಿಯ ನಂತರ, ತನ್ನ ಪ್ರದರ್ಶನವನ್ನು ತನ್ನದೆಂದು ಗುರುತಿಸಬೇಕೆಂದು ಕೇಳುವ ಹಕ್ಕು ಮತ್ತು ವಾಣಿಜ್ಯ ಬಳಕೆಯಾದಾಗ ರಾಯಲ್ಟಿ ಪಡೆಯುವ ಹಕ್ಕು ಅದಕ್ಕೆ ಸೇರಿದವು. ಆದರೆ ಅದೇ ಕಾಯ್ದೆಯಲ್ಲಿ ಸಿನಿಮಾಕ್ಕೆ ಸಂಬಂಧಿಸಿದ ಒಂದು ವಿನಾಯಿತಿಯೂ ಇದೆ. ಯಾರ ಪ್ರದರ್ಶನ ಸಾಂದರ್ಭಿಕ ಸ್ವರೂಪದ್ದೋ, ಉದ್ಯಮದ ರೂಢಿಯಂತೆ ಶೀರ್ಷಿಕೆಗಳೂ ಸೇರಿದಂತೆ ಎಲ್ಲಿಯೂ ಯಾರ ಹೆಸರು ನಮೂದಾಗುವುದಿಲ್ಲವೋ, ಅವರನ್ನು ಪ್ರದರ್ಶಕರೆಂದು ಪರಿಗಣಿಸುವಂತಿಲ್ಲ. ತಮ್ಮ ಪ್ರದರ್ಶನವನ್ನು ಗೌರವಕ್ಕೆ ಕುಂದಾಗುವಂತೆ ವಿರೂಪಗೊಳಿಸಬಾರದೆಂದು ಕೇಳುವ ಹಕ್ಕಷ್ಟೇ ಅವರಿಗೆ ಉಳಿಯುತ್ತದೆ. ಈ ಸಾಲನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಜೂನಿಯರ್ ಆರ್ಟಿಸ್ಟ್ ಎಂಬ ವೋಚರು, "ಜಾನಪದ ವೈಲ್ಡ್ 1" ಎಂಬ ಕಡತ, ಹೆಸರಿಲ್ಲದ ಶೀರ್ಷಿಕೆ, ಈ ಮೂರೂ ಸೇರಿ ಒಬ್ಬ ಹಾಡುಗಾರನನ್ನು ಆ ಸಾಲಿನೊಳಕ್ಕೆ ನೂಕಲು ಸಾಲುತ್ತಿದ್ದವು. ಮೂರರಲ್ಲಿ ಒಂದನ್ನು ಬರೆದವನು ನಾನೇ.

ಆ ದಿನಗಳಲ್ಲಿಯೇ ಅಮೆರಿಕದ ನಿರ್ದೇಶಕರಾದ ಕೋಯೆನ್ ಸಹೋದರರ "ಇನ್‌ಸೈಡ್ ಲೂವಿನ್ ಡೇವಿಸ್" ಸಿನಿಮಾವನ್ನು ಮತ್ತೆ ನೋಡಿದೆ. 2013ರಲ್ಲಿ ಕಾನ್ ಚಿತ್ರೋತ್ಸವದ ಗ್ರಾಂಡ್ ಪ್ರಿ ಪ್ರಶಸ್ತಿ ಪಡೆದ ಚಿತ್ರ. 1961ರ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನಲ್ಲಿ ಮಲಗಲು ಜಾಗವಿಲ್ಲದೆ, ಚಳಿಗಾಲಕ್ಕೊಂದು ಕೋಟಿಲ್ಲದೆ ಅಲೆಯುವ ಜಾನಪದ ಗಾಯಕನ ಕತೆ. ನನ್ನ ವೃತ್ತಿಯವರು ಅದನ್ನು ನೋಡುವುದು ಮುಖ್ಯವಾಗಿ ಧ್ವನಿಗಾಗಿ. ಅದರ ಹಾಡುಗಳಲ್ಲಿ ಬಹುಪಾಲು ಸ್ಟುಡಿಯೋದಲ್ಲಿ ಮೊದಲೇ ಮುದ್ರಿಸಿದವಲ್ಲ. ನಟ ಆಸ್ಕರ್ ಐಸಾಕ್ ಕ್ಯಾಮೆರಾದ ಎದುರು ಗಿಟಾರ್ ನುಡಿಸುತ್ತ ಹಾಡಿದ್ದನ್ನು ಅಲ್ಲೇ ಹಿಡಿದದ್ದು. ಸಂಗೀತದ ಹೊಣೆ ಟಿ ಬೋನ್ ಬರ್ನೆಟ್ ಅವರದ್ದು. ಆ ವರ್ಷ ಧ್ವನಿಮಿಶ್ರಣಕ್ಕಾಗಿ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನವೂ ದೊರೆಯಿತು. ಹಾಡನ್ನು ತುಂಡು ಮಾಡದೆ ಪೂರ್ತಿಯಾಗಿ ಕೇಳಿಸುವ ಧೈರ್ಯ ಆ ಚಿತ್ರಕ್ಕಿದೆ, ಮೊದಲ ಸಲ ನೋಡಿದಾಗ ನಾನು ಮೆಚ್ಚಿದ್ದು ಅದನ್ನೇ.

ಎರಡನೆಯ ಸಲ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ದೃಶ್ಯ. ಲೂವಿನ್ ಒಂದು ಹಗುರವಾದ ಹಾಡಿಗೆ ದನಿಗೂಡಿಸಲು ಸ್ಟುಡಿಯೋಗೆ ಹೋಗುತ್ತಾನೆ. ತುರ್ತಾಗಿ ಹಣ ಬೇಕಾಗಿರುವುದರಿಂದ ಮುಂದೆ ಬರಬಹುದಾದ ರಾಯಲ್ಟಿಯನ್ನು ಬಿಟ್ಟುಕೊಟ್ಟು, ಕೈಗೆ ಸಿಗುವ ಹಣಕ್ಕೆ ಒಪ್ಪಿಕೊಳ್ಳುತ್ತಾನೆ. ಯಾರೂ ಅವನನ್ನು ಹೆದರಿಸುವುದಿಲ್ಲ, ಮೋಸ ಮಾಡುವುದಿಲ್ಲ; ಒಂದು ಕಾಗದ, ಒಂದು ಸಹಿ, ಅಷ್ಟೇ. ನಮ್ಮ ಗುಡಿಯ ಜಗುಲಿಯಲ್ಲಿ ನಡೆದದ್ದೂ ಇದೇ. ಸಹಿಯ ಜಾಗದಲ್ಲಿ ಹೆಬ್ಬೆಟ್ಟಿತ್ತು, ಅದು ಯಾವುದಕ್ಕೆ ಎಂದು ಅವರಿಗೆ ಓದಿ ಹೇಳಿದವರೂ ಇರಲಿಲ್ಲ.

ಇದಾದ ಮೇಲೆ ನಾನು ಕೆಲಸದ ಕ್ರಮವನ್ನು ಬದಲಾಯಿಸಿಕೊಂಡೆ. ಹಾಡುಗಾರರು ಬಂದ ಕೂಡಲೇ, ಮೈಕಿನ ಪೆಟ್ಟಿಗೆ ತೆರೆಯುವುದಕ್ಕೂ ಮೊದಲು, ಅವರ ಬಳಿ ಕುಳಿತು ಹೆಸರು, ಊರು, ಯಾರ ಶಿಷ್ಯರು ಎಂದು ಕೇಳಿ ಬರೆದುಕೊಳ್ಳುತ್ತೇನೆ. ಟ್ರ್ಯಾಕಿಗೆ ಅದೇ ಹೆಸರು. ಟೇಕ್ ಶುರುವಾಗುವ ಮುನ್ನ ಅವರೇ ತಮ್ಮ ಹೆಸರನ್ನು ಮೈಕಿನಲ್ಲಿ ಹೇಳುವಂತೆ ಕೇಳುತ್ತೇನೆ. ಅಕ್ಷರ ಅಳಿಸಿಹೋದರೂ ದನಿಯಲ್ಲಿ ಹೆಸರು ಉಳಿದಿರಲಿ ಎಂದು. ಸೌಂಡ್ ರಿಪೋರ್ಟಿನ ಒಂದು ಪ್ರತಿಯನ್ನು ಅದೇ ರಾತ್ರಿ ನಿರ್ಮಾಣ ವಿಭಾಗಕ್ಕೂ ಎಡಿಟರಿಗೂ ಕಳುಹಿಸಿ, ಶೀರ್ಷಿಕೆಗೆ ಸೇರಬೇಕಾದ ಹೆಸರುಗಳೆಂದು ಬೇರೆಯಾಗಿ ಬರೆಯುತ್ತೇನೆ. ಇದು ನಿನ್ನ ಕೆಲಸವಲ್ಲ ಎಂದು ಒಂದೆರಡು ಕಡೆ ಹೇಳಿಸಿಕೊಂಡದ್ದುಂಟು. ಆ ಹೊತ್ತಿನಲ್ಲಿ ಹಾಡುಗಾರನಿಗೆ ಎಲ್ಲರಿಗಿಂತ ಹತ್ತಿರ ಕುಳಿತಿರುವವನು ನಾನು, ಆದ್ದರಿಂದ ಇದು ನನ್ನ ಕೆಲಸವೇ.

ಸಿನಿಮಾ ಮುಗಿದ ಮೇಲೆ ನಾನು ಆ ಊರಿಗೆ ಹೋಗಿದ್ದೆ. ಇಪ್ಪತ್ತೆರಡು ನಿಮಿಷದ ಪೂರ್ತಿ ಹಾಡಿಕೆಯನ್ನೂ ಸಿನಿಮಾದಲ್ಲಿರುವ ತುಣುಕನ್ನೂ ಪೆನ್ ಡ್ರೈವಿನಲ್ಲಿ ಒಯ್ದು, ಅವರ ಮಗನ ಟಿವಿಯಲ್ಲಿ ಹಾಕಿ ತೋರಿಸಿದೆ. ಹೆಸರು ಬರಲಿಲ್ಲ, ನನ್ನಿಂದಾದ ತಪ್ಪು ಎಂದು ಹೇಳಿದೆ. ಅವರು ಅದಕ್ಕೆ ಏನೂ ಅನ್ನಲಿಲ್ಲ. ಸಿನಿಮಾದ ತುಣುಕನ್ನು ಇನ್ನೊಮ್ಮೆ ಹಾಕಲು ಹೇಳಿ, ಕಿವಿಯನ್ನು ಟಿವಿಯ ಹತ್ತಿರ ತಂದು ಕೇಳಿ, "ನಮ್ಮ ಹಿಮ್ಮೇಳ್ದೋರ ದನಿ ಎಲ್ಲಿ ಹೋಯ್ತು?" ಎಂದು ಕೇಳಿದರು. ಮಿಕ್ಸಿಂಗಿನಲ್ಲಿ ನಟನ ಮುಖ ಹತ್ತಿರದಲ್ಲಿ ಕಾಣುವ ಕಡೆ ಹಿಮ್ಮೇಳವನ್ನು ತುಂಬ ಇಳಿಸಿದ್ದರು. ಹಿಮ್ಮೇಳದ ಇಬ್ಬರಿಗೂ ಸೇರಿಸಿ ನಾನು ಒಂದೇ ಮೈಕು ಇಟ್ಟಿದ್ದರಿಂದ, ಅದನ್ನು ಮತ್ತೆ ಮೇಲಕ್ಕೆತ್ತಿದರೆ ಡಗ್ಗದ ಪೆಟ್ಟೇ ಮುಂದೆ ಬರುತ್ತಿತ್ತು, ಸೊಲ್ಲು ಹಿಂದೆ ಉಳಿಯುತ್ತಿತ್ತು.

ಈಗ ಹಿಮ್ಮೇಳದ ಪ್ರತಿಯೊಬ್ಬರಿಗೂ ಬೇರೆ ಮೈಕು ಇಡುತ್ತೇನೆ, ಬೇರೆ ಟ್ರ್ಯಾಕಿಗೆ ಬೇರೆ ಹೆಸರು. ಆ ಸಿನಿಮಾದ ಶೀರ್ಷಿಕೆಯಲ್ಲಿ ಮೂವರ ಹೆಸರನ್ನೂ ಸೇರಿಸಬೇಕೆಂದು ನಿರ್ಮಾಣ ಸಂಸ್ಥೆಗೆ ಎರಡು ಸಲ ಪತ್ರ ಬರೆದಿದ್ದೇನೆ. ಆನ್‌ಲೈನ್ ಪ್ರತಿಯಲ್ಲಿ ಬದಲಾಯಿಸಲು ಸಾಧ್ಯವಿದೆ ಎಂದು ಎಡಿಟರು ಹೇಳಿದ್ದಾರೆ. ಮೂರನೆಯ ಪತ್ರಕ್ಕೆ ಅವರೂ ಸಹಿ ಹಾಕುತ್ತಿದ್ದಾರೆ.