ಕುರ್ಚಿಯ ತಗಡಿಗೆ ಟೆಸ್ಟರ್ ಮುಟ್ಟಿಸಿದಾಗ

ತೀರ್ಥಹಳ್ಳಿ ಕಡೆ ಗಣಪತಿ ಹಬ್ಬ ಮಳೆಯಲ್ಲೇ ಆಗುವುದು. ಆಗುಂಬೆ ಹತ್ತಿರವಾದಷ್ಟೂ ಮಳೆ ಇನ್ನೂ ಜಾಸ್ತಿ. ನಾನು ವೈರಿಂಗ್ ಕೆಲಸದವನು. ನಮ್ಮೂರ ಪೆಂಡಾಲಿನ ಲೈಟು, ಮೈಕ್‌ಸೆಟ್ಟಿನ ಲೈನು ಎಲ್ಲ ನಾನೇ ಎಳೆದು ಕೊಡುತ್ತೇನೆ. ತಾಡಪಾಲು ಎಷ್ಟೇ ಬಿಗಿಯಾಗಿ ಕಟ್ಟಿದರೂ ಇರಿಚಲು ಒಳಗೆ ಬಂದೇ ಬರುತ್ತದೆ. ನೆಲ ಕೆಸರು, ಸ್ಟೇಜಿನ ಹಲಗೆ ಒದ್ದೆ, ಜನರ ಕಾಲೂ ಒದ್ದೆ. ಗಣಪತಿ ಮುಂದೆ ಚಪ್ಪಲಿ ಬಿಟ್ಟು ಬರುತ್ತಾರೆ ಬೇರೆ. ಹಾಗಾಗಿ ಪೆಂಡಾಲಿನ ಲೈನಿಗೆ, ಕರೆಂಟು ಭೂಮಿಗೆ ಸೋರಿದ ಕೂಡಲೇ ಲೈನು ಕಡಿಯುವ ಇಎಲ್‌ಸಿಬಿ ಹಾಕದೆ ನಾನು ಕರೆಂಟು ಕೊಡುವುದಿಲ್ಲ. ಅದಕ್ಕೆ ಖರ್ಚಾಗುತ್ತದೆ ಅಂತ ಸಮಿತಿಯಲ್ಲಿ ಮೊದಮೊದಲು ಗೊಣಗಿದವರಿದ್ದರು. ಈಗ ಯಾರೂ ಕೇಳುವುದಿಲ್ಲ.

ಆ ವರ್ಷ ಒಂದು ರಾತ್ರಿಗೆ ಮ್ಯಾಜಿಕ್ ಶೋ ಗೊತ್ತು ಮಾಡಿದ್ದರು. ಜಾದೂ ಮಾಡುವವರು ಬಯಲುಸೀಮೆ ಕಡೆಯವರು, ಒಳ್ಳೆಯ ಮನುಷ್ಯ. ಮಧ್ಯಾಹ್ನವೇ ಬಂದು ಸಾಮಾನು ಇಳಿಸಿಕೊಂಡು, ಸ್ಟೇಜಿನ ಹಿಂದೆ ಒಂದು ಪ್ಲಗ್ ಪಾಯಿಂಟ್ ಬೇಕು ಅಂದರು. ಯಾವುದಕ್ಕೆ ಅಂತ ಕೇಳಿದೆ. ಕುರ್ಚಿಗೆ ಅಂದರು. ಕುರ್ಚಿಗೆ ಯಾಕೆ ಕರೆಂಟು? ನೋಡಲು ಹೋದೆ.

ಮರದ ಹಳೇ ಕೈಕುರ್ಚಿ. ಎರಡು ಕೈಗಳ ಮೇಲೂ ಒಂದೊಂದು ತಗಡಿನ ಪಟ್ಟಿ ಹೊಡೆದು, ಚಿನ್ನದ ಬಣ್ಣದ ಅಲಂಕಾರದಲ್ಲಿ ಅದು ಸೇರಿಹೋಗುವ ಹಾಗೆ ಮಾಡಿದ್ದರು. ಪಟ್ಟಿಯಿಂದ ಹೊರಟ ವೈರು ಕುರ್ಚಿ ಕಾಲಿನ ಗುಂಟ ಇಳಿದು ಕೆಳಗಿನ ಡಬ್ಬಿಗೆ ಹೋಗಿತ್ತು. ಇದು ಸತ್ಯದ ಕುರ್ಚಿಯಂತೆ. ಜನರಲ್ಲಿ ಒಬ್ಬರನ್ನು ಕರೆದು ಕೂರಿಸಿ ಪ್ರಶ್ನೆ ಕೇಳುವುದು. ಉತ್ತರ ಸುಳ್ಳು ಅಂತ ಜಾದೂಗಾರರು ಸನ್ನೆ ಮಾಡಿದರೆ ಪರದೆ ಹಿಂದಿನ ಹುಡುಗ ಗುಂಡಿ ಒತ್ತುತ್ತಾನೆ. ಕೂತವರು ಹೌಹಾರಿ ಎದ್ದು ನಿಲ್ಲುತ್ತಾರೆ.

"ಏನಾಗಲ್ಲ ಅಣ್ಣಾ. ಜುಂ ಅನ್ನುತ್ತೆ ಅಷ್ಟೇ. ಸೊಳ್ಳೆ ಬ್ಯಾಟಿನದೇ ಸರ್ಕ್ಯೂಟು," ಅಂದರು.

ಡಬ್ಬಿ ಬಿಚ್ಚಿ ತೋರಿಸಿದರು. ಹೌದು, ಚಾರ್ಜ್ ಮಾಡುವ ಸೊಳ್ಳೆ ಬ್ಯಾಟಿನ ಬೋರ್ಡೇ. ಸಣ್ಣ ಬ್ಯಾಟರಿಯಿಂದ ಸಾವಿರ ವೋಲ್ಟ್ ದಾಟಿಸುತ್ತದೆ. ಆದರೆ ಅದರಲ್ಲಿ ಚಾರ್ಜ್ ಹಿಡಿದಿಡುವ ಕೆಪಾಸಿಟರ್ ತೀರಾ ಚಿಕ್ಕದು. ಹಾಗಾಗಿ ಕೈಗೆ ತಗುಲಿದರೆ ಚಟ್ ಅಂತ ಹೊಡೆದು ಮುಗಿಯುತ್ತದೆ. ಇವರು ಅದಕ್ಕೆ ಇನ್ನೊಂದು ದೊಡ್ಡ ಕೆಪಾಸಿಟರ್ ಸೇರಿಸಿದ್ದರು, ಏಟು ಜೋರಾಗಲಿ ಅಂತ. ಅದಕ್ಕಿಂತ ನನ್ನ ಎದೆ ಧಸಕ್ ಅಂದಿದ್ದು ಬೇರೆಯದಕ್ಕೆ. ಬ್ಯಾಟರಿ ಹಳೇದು, ಶೋ ಮುಗಿಯುವವರೆಗೆ ಬಾಳುವುದಿಲ್ಲ ಅಂತ ಚಾರ್ಜಿಂಗ್ ವೈರನ್ನು ಪ್ಲಗ್ಗಿಗೆ ಹಾಕಿಟ್ಟೇ ಆಟ ನಡೆಸುತ್ತಿದ್ದರು.

ಅಗ್ಗದ ಬ್ಯಾಟುಗಳಲ್ಲಿ ಗೋಡೆಯ ಕರೆಂಟನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ವೈರಿಗೆ ಕೆಪಾಸಿಟರ್ ಹಾಕಿ ಕರೆಂಟು ತಗ್ಗಿಸುತ್ತಾರೆ. ಇನ್ನೊಂದು ವೈರು ನೇರ ಒಳಗೆ ಹೋಗುತ್ತದೆ. ಎರಡು ಪಿನ್ನಿನ ಪ್ಲಗ್ಗನ್ನು ಹೇಗೆ ಬೇಕಾದರೂ ಹಾಕಬಹುದು ಅಲ್ವಾ? ಆ ನೇರ ವೈರು ಒಮ್ಮೆ ನ್ಯೂಟ್ರಲ್, ಇನ್ನೊಮ್ಮೆ ಫೇಸ್, ಅಂದರೆ ಮುಟ್ಟಿದರೆ ಹೊಡೆಯುವ ವೈರು.

ಸುಮ್ನೆ ಬಾಯಲ್ಲಿ ಹೇಳಿದರೆ ಅವರು ನಂಬುವುದು ಕಷ್ಟ. ಪ್ಲಗ್ ಹಾಕಿ ಕುರ್ಚಿಯ ತಗಡಿಗೆ ಟೆಸ್ಟರ್ ಇಟ್ಟೆ. ಉರಿಯಲಿಲ್ಲ. ಪ್ಲಗ್ ಕಿತ್ತು ತಿರುಗಿಸಿ ಹಾಕಿ ಮತ್ತೆ ಇಟ್ಟೆ. ಕೆಂಪಗೆ ಹತ್ತಿತು. ಗುಂಡಿಯನ್ನು ಯಾರೂ ಒತ್ತಿರಲಿಲ್ಲ. ಅವರ ಜೊತೆಗಿದ್ದ ಹುಡುಗ ಕುರ್ಚಿಯಿಂದ ದೂರ ಸರಿದು ನಿಂತ.

ಲೆಕ್ಕ ಸುಲಭ. ಮನೆ ಕರೆಂಟು 230 ವೋಲ್ಟ್. ಚರ್ಮ ಪೂರ್ತಿ ಒದ್ದೆಯಾದರೆ ಮೈಯ ತಡೆ 1000 ಓಮ್ ಆಸುಪಾಸಿಗೆ ಇಳಿಯುತ್ತದೆ. ಭಾಗಿಸಿ ನೋಡಿ, 230 ಮಿಲಿ ಆಂಪ್. 1 ಮಿಲಿ ಆಂಪಿಗೆ ಜುಮ್ಮೆನ್ನುತ್ತದೆ. 10ರ ಹೊತ್ತಿಗೆ ಸ್ನಾಯು ಬಿಗಿದು ಹಿಡಿದದ್ದನ್ನು ಬಿಡಲಾಗುವುದಿಲ್ಲ. 30 ದಾಟಿ ಮೇಲೆ ಹೋದರೆ ಹೃದಯದ ಬಡಿತವೇ ತಪ್ಪಬಹುದು. ಇಎಲ್‌ಸಿಬಿ ಇದೆಯಲ್ಲ ಅಂದರು ಸಮಿತಿಯ ಹೆಗ್ಡೆರು. ಅದು ಭೂಮಿಗೆ ಸೋರುವ ಕರೆಂಟನ್ನು ಮಾತ್ರ ಹಿಡಿಯುತ್ತದೆ. ಒಂದು ಕೈಯಿಂದ ಹೊಕ್ಕು ಇನ್ನೊಂದು ಕೈಯಿಂದ ಅದೇ ಲೈನಿನ ಇನ್ನೊಂದು ವೈರಿಗೆ ವಾಪಸ್ ಹೋದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಈ ಕುರ್ಚಿಯಲ್ಲಿ ಎರಡು ಕೈಗೂ ಒಂದೊಂದು ಪಟ್ಟಿ. ನಡುವೆ ಇರುವುದು ಎದೆ.

ಜಾದೂಗಾರರು ಪ್ಲಗ್ ತೆಗೆಯಲು ತಕ್ಷಣ ಒಪ್ಪಿದರು. ಆದರೆ ಬರೀ ಬ್ಯಾಟರಿಯಲ್ಲಿ ಮಾಡುತ್ತೇನೆ ಅಂದರು. ಇದು ಅವರ ಶೋದ ಮುಖ್ಯ ಐಟಂ. ಹಳೇ ವಿದ್ಯೆಯೂ ಹೌದು. ಫ್ರಾನ್ಸಿನ ಜಾದೂಗಾರ ರಾಬರ್ಟ್ ಹೌಡಿನ್ 1856ರಲ್ಲಿ ಅಲ್ಜೀರಿಯಾಕ್ಕೆ ಹೋಗಿ, ಪುಟ್ಟ ಪೆಟ್ಟಿಗೆಯನ್ನು ವಿದ್ಯುತ್ ಅಯಸ್ಕಾಂತದಿಂದ ಹಿಡಿಸಿಟ್ಟು, ಎತ್ತಲು ಬಂದ ಗಟ್ಟಿ ಆಳಿಗೆ ಹಿಡಿಕೆಯಿಂದ ಶಾಕ್ ಕೊಟ್ಟು ಓಡಿಸಿದ್ದ. ಅದನ್ನು ಹೆಮ್ಮೆಯಿಂದ ಹೇಳಿದರು. ನನಗೆ ಆ ಕಥೆಯಲ್ಲಿ ಹಿಡಿಕೆ ಹಿಡಿದವನದೇ ಯೋಚನೆ. ಅವನಿಗೆ ಯಾರೂ ಹೇಳಿರಲಿಲ್ಲ.

"ನಿಮ್ಮ ಕಡೆ ತೋಟಕ್ಕೆ ಸೋಲಾರ್ ಬೇಲಿ ಹಾಕ್ತೀರಲ್ಲ ಅಣ್ಣಾ, ಅದಕ್ಕೂ ಸಾವಿರಾರು ವೋಲ್ಟ್. ಅದಕ್ಕೆ ಯಾರಾದರೂ ಸಾಯ್ತಾರಾ?" ಅಂತ ಕೇಳಿದರು.

ಒಳ್ಳೆಯ ಪ್ರಶ್ನೆ. ಸೋಲಾರ್ ಬೇಲಿಯ ಯಂತ್ರ ಹೆಚ್ಚುಕಮ್ಮಿ ಸೆಕೆಂಡಿಗೊಂದು ಸಲ, ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಚಿಕ್ಕ ಏಟು ಕೊಡುತ್ತದೆ. ಏಟಿನ ಬಲಕ್ಕೂ ಮಿತಿ ಇದೆ, ಅದನ್ನು ಅಳೆದೇ ಮಾಡಿರುತ್ತಾರೆ. ಅದೇ ಬೇಲಿಗೆ ಕಂಬದ ಲೈನು ನೇರ ಕೊಟ್ಟರೆ ಆನೆಯೂ ಸಾಯುತ್ತದೆ, ಮನುಷ್ಯರೂ ಸಾಯುತ್ತಾರೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಮಾತನ್ನೂ ಹೇಳಿದೆ. "ಮಾರಾಯ್ರೆ, ಆ ಬೇಲಿಗೆ ಮುಟ್ಟಬೇಡಿ ಅಂತ ಬೋರ್ಡು ಹಾಕಿರ್ತಾರೆ. ನಿಮ್ಮ ಕುರ್ಚಿಗೆ ಬಣ್ಣ ಬಳಿದು ಮುಚ್ಚಿದ್ದೀರಿ. ಬನ್ನಿ ಕೂತ್ಕೊಳ್ಳಿ ಅಂತ ಮೈಕಲ್ಲಿ ಕರೀತೀರಿ."

ನಮ್ಮ ಚಿಕ್ಕಪ್ಪಯ್ಯನಿಗೆ ಪೇಸ್‌ಮೇಕರ್ ಹಾಕಿದ್ದಾರೆ. ಅಂಗಿ ತೊಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ. ಯಾರಾದರೂ ಒಬ್ಬರು ಸ್ಟೇಜಿಗೆ ಬನ್ನಿ ಅಂದರೆ ಊರವರು ಮೊದಲು ಕೂಗುವುದು ಅವರ ಹೆಸರನ್ನೇ. ಅವರಿಗೂ ಖುಷಿ, ಹೋಗಿಯೇ ಬಿಡುತ್ತಾರೆ. ಪೇಸ್‌ಮೇಕರ್ ಹೃದಯದ ಸಣ್ಣ ವಿದ್ಯುತ್ ಸಂಕೇತ ಗಮನಿಸಿ, ಬೇಕಾದಾಗ ಮಾತ್ರ ತಾನು ಬಡಿತ ಕೊಡುತ್ತದೆ. ಹೊರಗಿನ ಕರೆಂಟನ್ನು ಅದು ಹೃದಯದ್ದೇ ಅಂದುಕೊಂಡರೆ, ಕೊಡಬೇಕಾದ ಬಡಿತವನ್ನು ತಡೆಹಿಡಿಯಬಹುದು. ಕುಚೇಷ್ಟೆಗೆ ಮಾರುವ ಶಾಕ್ ಪೆನ್ನಿನ ಪೊಟ್ಟಣಗಳ ಮೇಲೂ ಹೃದಯದ ತೊಂದರೆ ಇರುವವರಿಗೆ, ಮಕ್ಕಳಿಗೆ ಬೇಡ ಅಂತ ಬರೆದಿರುವುದುಂಟು. ಬಸುರಿ ಹೆಂಗಸರು, ಮೂರ್ಛೆರೋಗ ಇರುವವರು, ಯಾರು ಬಂದು ಕೂರುತ್ತಾರೆ ಅಂತ ಹೇಗೆ ಹೇಳುವುದು? ಏನೂ ಕಾಯಿಲೆ ಇಲ್ಲದವರೂ ಶಾಕ್ ತಗುಲಿದರೆ ನೆಗೆಯುತ್ತಾರೆ. ನಮ್ಮ ಸ್ಟೇಜು ಎದೆಯೆತ್ತರ, ಹಲಗೆ ಒದ್ದೆ. ಬಿದ್ದು ಕೈ ಮುರಿಯಲು ಹೃದ್ರೋಗವೇ ಬೇಕಾ?

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಿಮ್ಮ ಚಿಕ್ಕಪ್ಪ ಎಲ್ಲಿ ಕೂರ್ತಾರೆ?" ಅಂತ ಮಾತ್ರ ಕೇಳಿದರು. ನಾನೇ ವೈರು ಬಿಚ್ಚಿದೆ. ಕೆಪಾಸಿಟರಿನಲ್ಲಿ ಉಳಿದ ಚಾರ್ಜನ್ನು ಬಲ್ಬಿನ ಮೂಲಕ ಇಳಿಸಿದೆ. ಪ್ಲಗ್ ತೆಗೆದ ಮೇಲೂ ಅದು ಹೊಡೆಯುತ್ತದೆ ಅನ್ನುವುದು ಆ ಹುಡುಗನಿಗೆ ಗೊತ್ತಿರಲಿಲ್ಲ. ದಿನಾ ಆ ಕುರ್ಚಿ ಹೊತ್ತು ತಿರುಗುವವನು ಅವನೇ.

ಶಾಕಿನ ಬದಲಿಗೆ ಸೀಟಿನ ಕೆಳಗೆ ಒಂದು ಬಜರ್ ಕಟ್ಟಿಕೊಟ್ಟೆ, ಪೆನ್ ಸೆಲ್ಲಿನಲ್ಲಿ ಓಡುವಂಥದ್ದು. ಕೂರುವವರಿಗೆ ಮೊದಲೇ ಕಿವಿಯಲ್ಲಿ ಹೇಳಿ, ಅವರೂ ಆಟಕ್ಕೆ ಸೇರಲಿ ಅಂದೆ. ರಾತ್ರಿ ಮೊದಲ ಸಲ ಸರಿಯಾಗಿ ಕೂಡಿಬರಲಿಲ್ಲ. ಬಜರ್ ತಡವಾಗಿ ಕೂಗಿತು, ಜನಕ್ಕೆ ಅರ್ಥವಾಗಲಿಲ್ಲ. ಎರಡನೇ ಸಲಕ್ಕೆ ಕಾಲೇಜು ಹುಡುಗನೊಬ್ಬ ಕೂತು, ಗುಂಯ್ ಅಂದದ್ದೇ ಅಯ್ಯಯ್ಯೋ ಅಂತ ಅಭಿನಯ ಮಾಡಿದ. ಪೆಂಡಾಲೇ ನಕ್ಕಿತು. ಮೂರನೆಯವರಾಗಿ ಹೋದದ್ದು ನಮ್ಮ ಚಿಕ್ಕಪ್ಪಯ್ಯ. ನಿನ್ನೆಯ ಪಂಚಕಜ್ಜಾಯ ಕದ್ದು ತಿಂದದ್ದು ನೀವೇನಾ ಅಂತ ಕೇಳಿದರೆ, ಹೌದು ಅಂತ ಒಪ್ಪಿಕೊಂಡು ಎದ್ದು ಬಂದರು.

ಈಗ ಸಮಿತಿಯವರು ಯಾವ ಕಾರ್ಯಕ್ರಮ ಗೊತ್ತು ಮಾಡಿದರೂ, ಕರೆಂಟು ಯಾವುದಕ್ಕೆ ಬೇಕು, ಊರಿನವರ ಮೈಗೆ ಏನಾದರೂ ಮುಟ್ಟಿಸುತ್ತೀರಾ ಅಂತ ಫೋನಿನಲ್ಲೇ ಕೇಳುತ್ತಾರೆ. ಹೌದು ಅಂದವರ ನಂಬರನ್ನು ನನಗೆ ಕಳಿಸುತ್ತಾರೆ.