ಫಿಟ್ಸ್ ಸರ್ವರ್ ಕೆಲಸ: ಜಿಜೆಡ್‌ಗೆ ಒಂದು ಟೈಪ್, ಎಫ್‌ಜೆಡ್‌ಗೆ ಇನ್ನೊಂದು

ಈ ವಾರ ಹೊಸದೇನೂ ಸೇರಿಸಲಿಲ್ಲ. ಫೈಲ್ ಎಂಥದ್ದೆಂದು ತಿಳಿಸಲು ಸರ್ವರ್ ಅದರ ಜೊತೆ ಕಳಿಸುವ ಎರಡು ಹೆಡರ್ ಸಾಲು ಸರಿ ಮಾಡೋದರಲ್ಲೇ ವಾರ ಕಳೆಯಿತು. ಆದರೂ ಖುಷಿಯಾಗಿದೆ.

ನನ್ನ ಟೆಲಿಸ್ಕೋಪ್ ಚಿತ್ರಗಳನ್ನು ಫಿಟ್ಸ್ ಎಂಬ, ಖಗೋಳ ಚಿತ್ರಗಳಿಗೆ ಬಳಸುವ ಫೈಲ್ ರೂಪದಲ್ಲಿ ಇಟ್ಟಿರುವ ಪುಟ್ಟ ಸರ್ವರ್‌ನಲ್ಲಿ ಒಂದು ಕಾಟವಿತ್ತು. ಸ್ಕ್ರಿಪ್ಟ್ ಇಳಿಸಿಕೊಂಡ '.ಫಿಟ್ಸ್.ಜಿಜೆಡ್' ಫೈಲನ್ನು (ಜಿಜಿಪ್ ವಿಧಾನದಲ್ಲಿ ಕುಗ್ಗಿಸಿದ್ದು) ಬಿಚ್ಚಲು ಹೋದರೆ "ಇದು ಜಿಜಿಪ್ ಅಲ್ಲ" ಎಂಬ ಎರರ್. ಬೈಟ್‌ಗಳನ್ನೇ ತೆಗೆದು ನೋಡಿದೆ. ಜಿಜಿಪ್ ಆಗಿದ್ದರೆ ಮೊದಲು 31, ಆಮೇಲೆ 139 ಇರಬೇಕು. ಅಲ್ಲಿದ್ದದ್ದು 'ಸಿಂಪಲ್' ಎಂಬ ಪದ, ಅಂದರೆ ಮಾಮೂಲಿ ಫಿಟ್ಸ್ ಫೈಲಿನೊಳಗೇ ಇರುವ, ಚಿತ್ರದ ವಿವರ ಬರೆದ ಹೆಡರ್‌ನ ಮೊದಲ ಪದ! ಫೈಲ್ ಆಗಲೇ ಬಿಚ್ಚಿಕೊಂಡಿತ್ತು, ಹೆಸರಿನಲ್ಲಿ ಮಾತ್ರ ಜಿಜೆಡ್ ಉಳಿದಿತ್ತು.

ಕಾರಣ ಸರ್ವರ್ ಕಳಿಸುತ್ತಿದ್ದ 'ಕಂಟೆಂಟ್-ಎನ್‌ಕೋಡಿಂಗ್: ಜಿಜಿಪ್'. ಇದು ಸಾಗಣೆಗಾಗಿ ಕಟ್ಟಿದ ಗಂಟು, ತಲುಪಿದ ಮೇಲೆ ಬಿಚ್ಚಿಕೋ ಎಂದು ಅದರ ಅರ್ಥ. ಸ್ಕ್ರಿಪ್ಟಿನ ಲೈಬ್ರರಿ ಹೇಳಿದಂತೆ ಮಾಡಿದೆ, ಅದರ ತಪ್ಪಿಲ್ಲ. ಆ ಸಾಲು ತೆಗೆದು, ಫೈಲ್ ಯಾವ ಬಗೆಯದು ಎಂದು ಹೇಳುವ ಟೈಪ್ ಅನ್ನು 'ಅಪ್ಲಿಕೇಶನ್/ಜಿಜಿಪ್' ಮಾಡಿದೆ. ಈಗ ಕಟ್ಟಿದ ಗಂಟು ಕಟ್ಟಿದಂತೆಯೇ ಡಿಸ್ಕ್ ಸೇರುತ್ತದೆ.

ಎಫ್‌ಪ್ಯಾಕ್ ಎಂಬ ಪ್ರೋಗ್ರಾಮಿನಿಂದ ಕುಗ್ಗಿಸಿದ '.ಎಫ್‌ಜೆಡ್' ಫೈಲುಗಳ ಕತೆಯೇ ಬೇರೆ. ನನಗೆ ಜಾಸ್ತಿ ಹಿಡಿಸಿದ್ದೂ ಇದೇ. ಇಲ್ಲಿ ಹೊರಗಿನಿಂದ ಸುತ್ತಿದ್ದು ಏನೂ ಇಲ್ಲ. ಎಫ್‌ಪ್ಯಾಕ್ ಚಿತ್ರವನ್ನು ಟೈಲ್‌ಗಳಾಗಿ ಕತ್ತರಿಸಿ, ಒಂದೊಂದನ್ನೂ ರೈಸ್ ಎಂಬ ವಿಧಾನದಲ್ಲಿ ಕುಗ್ಗಿಸಿ, ಬೈನರಿ ಟೇಬಲ್‌ನ ಒಂದೊಂದು ಸಾಲಿನಲ್ಲಿ ಇಡುತ್ತದೆ. ಹೆಡರ್ ಕುಗ್ಗುವುದಿಲ್ಲ. ಎಕ್ಸ್‌ಪೋಶರ್ ಎಷ್ಟು, ಯಾವ ಫಿಲ್ಟರ್ ಎಂದು ಚಿತ್ರ ಬಿಚ್ಚದೆಯೇ ಓದಬಹುದು. ಎಷ್ಟು ಚಂದದ ಯೋಚನೆ ಅಲ್ವಾ! ಹಾಗಾಗಿ ಕುಗ್ಗಿದ ಮೇಲೂ ಅದು ಪೂರ್ತಿ ಫಿಟ್ಸ್ ಫೈಲೇ. ಎನ್‌ಕೋಡಿಂಗ್ ಸಾಲು ಇಲ್ಲಿ ಬೇಕಾಗಿಲ್ಲ.

ಹಾಗಾದರೆ ಟೈಪ್ ಯಾವುದು? ಚಿತ್ರ ತಾನೇ ಎಂದು ಮೊದಲು 'ಇಮೇಜ್/ಫಿಟ್ಸ್' ಹಾಕಿದ್ದೆ. ಆಮೇಲೆ 2005ರ ಆರ್‌ಎಫ್‌ಸಿ 4047 ಎಂಬ ಇಂಟರ್ನೆಟ್ ದಾಖಲೆ ಓದಿದೆ. ಫಿಟ್ಸ್‌ನ ಎರಡೂ ಟೈಪ್‌ಗಳು ನೋಂದಣಿಯಾಗಿರುವುದು ಅದರಲ್ಲೇ. 'ಇಮೇಜ್/ಫಿಟ್ಸ್' ಎನ್ನಬೇಕಾದರೆ ಫೈಲಿನ ಮೊದಲ ಭಾಗದಲ್ಲೇ ಕಡೇಪಕ್ಷ ಒಂದು ಪಿಕ್ಸೆಲ್ ಇರಬೇಕು. ನನ್ನ ಎಫ್‌ಜೆಡ್ ಫೈಲುಗಳಲ್ಲಿ ಮೊದಲ ಭಾಗ ಖಾಲಿ, ಅಂದರೆ ಎಷ್ಟು ಆಯಾಮಗಳಿವೆ ಎಂದು ಅದರ ಹೆಡರ್‌ನಲ್ಲಿ ಹೇಳುವ 'ನ್ಯಾಕ್ಸಿಸ್' ಸೊನ್ನೆ. ಚಿತ್ರ ಇರುವುದು ಎರಡನೆಯದರಲ್ಲಿ. ಆದ್ದರಿಂದ 'ಅಪ್ಲಿಕೇಶನ್/ಫಿಟ್ಸ್' ಮಾಡಿದೆ. ಕುಗ್ಗಿಸದ ಸಾದಾ ಫ್ರೇಮ್‌ಗಳು 'ಇಮೇಜ್/ಫಿಟ್ಸ್' ಆಗಿಯೇ ಉಳಿದಿವೆ.

ಫೈಲ್ ಹೆಸರಿನ ಬಾಲ ನೋಡಿ ಟೈಪ್ ಊಹಿಸುವ ಕೋಡ್ ಇನ್ನೂ ಇದೆ. ಅದನ್ನು ತೆಗೆದು ನ್ಯಾಕ್ಸಿಸ್ ಓದಿಯೇ ತೀರ್ಮಾನಿಸುವಂತೆ ಬರೆಯುತ್ತಿದ್ದೇನೆ. ಮೊದಲ 2880 ಬೈಟ್‌ಗಳ ಬ್ಲಾಕ್ ಓದಿದರೆ ಸಾಕು, ಅದು ಸಿಕ್ಕಿಬಿಡುತ್ತದೆ.